ಕೋಡ್ ನೆನಪಿದೆ, ಉತ್ತರ ಮರೆತಿದೆ! ನೆನಪಿನ ಟ್ರಿಕ್ಸ್ ಪರೀಕ್ಷೆಗೆ ನಿಜಕ್ಕೂ ಕೆಲಸಕ್ಕೆ ಬರುತ್ತವಾ?

ಸಪ್ತಾಪುರ_ಓದು:
ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ರೂಮು ಮಾಡಿಕೊಂಡು ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಪರೀಕ್ಷೆಗೆ ಓದುತ್ತಿದ್ದೇನೆ. ಇಲ್ಲಿ ಕೋಚಿಂಗ್‌ನಲ್ಲಿ ಪ್ರತಿಯೊಂದಕ್ಕೂ ಒಂದು ಕೋಡ್ ಕೊಡುತ್ತಾರೆ. ವಿಜಯನಗರದ ವಂಶಗಳಿಗೆ 'ಸಂ-ಸಾ-ತು-ಅ'. ಜ್ಞಾನಪೀಠಕ್ಕೆ 'ಕು-ಬೇ-ಕಾ-ಮಾ-ಗೋ-ಅ-ಗಿ-ಚಂ'. ಸಂವಿಧಾನದ ಅನುಸೂಚಿಗಳಿಗೆ 'ಟಿಯರ್ಸ್ ಆಫ್ ಓಲ್ಡ್ ಪಿಎಂ'. ನದಿಗಳಿಗೆ ಬೇರೆ, ಜಿಲ್ಲೆಗಳಿಗೆ ಬೇರೆ. ಬರೀ ಕೋಡ್‌ಗಳಿಂದಲೇ ಒಂದು ನೋಟ್‌ಬುಕ್ ತುಂಬಿದೆ.

ಟೆಸ್ಟ್‌ಗೆ ಕೂತರೆ ಕೋಡ್ ಥಟ್ಟನೆ ಬರುತ್ತದೆ, ಒಳಗಿನ ವಿಷಯ ಬರುವುದಿಲ್ಲ. 'ಗೋ' ಅಂದರೆ ಗೋಕಾಕ್ ಅಂತ ಗೊತ್ತು, ಯಾವ ವರ್ಷ ಅಂದರೆ ಖಾಲಿ. ನೆಗೆಟಿವ್ ಮಾರ್ಕಿಂಗ್ ಬೇರೆ ಇದೆ, ಸುಮ್ನೆ ಅಂದಾಜಿಗೆ ಗೋಲ ತುಂಬುವಂತಿಲ್ಲ. ರೂಮ್‌ಮೇಟ್ "ಕೋಡ್ ಎಲ್ಲ ಬಿಡು, ಉರು ಹೊಡಿ" ಅನ್ನುತ್ತಾನೆ. ನಿಮ್ಮ ಅನುಭವ ಹೇಳಿ. ಟ್ರಿಕ್ಸ್ ಬಿಡಲಾ, ಇಟ್ಟುಕೊಳ್ಳಲಾ?

ಮಲೆನಾಡು_ಮಳೆ:
ಬಿಡಿ. ನಿಮ್ಮ ರೂಮ್‌ಮೇಟ್ ಹೇಳಿದ್ದೇ ಸರಿ. ಮಗ್ಗಿ ಕಲಿತಿದ್ದು ಉರು ಹೊಡೆದೇ ಅಲ್ವಾ?

ಮನಸ್ಸಿನ_ಮಾತು:
ಇಷ್ಟು ಬೇಗ ತೀರ್ಪು ಬೇಡ. ನಾನು ಸೈಕಾಲಜಿ ಓದಿದವಳು, ಈಗ ಪಿಯು ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಕೋಡ್ ಏನಿದ್ದರೂ ವಿಷಯವನ್ನು ತಲೆಯೊಳಗೆ ಇಡುವುದಕ್ಕೆ. ಪರೀಕ್ಷೆಯಲ್ಲಿ ಕೇಳುವುದು ಹೊರಗೆ ತೆಗೆಯುವ ಕೆಲಸ. ಅದಕ್ಕೆ ಬೇರೆಯೇ ಅಭ್ಯಾಸ ಬೇಕು.

ಅಮೆರಿಕದಲ್ಲಿ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಒಂದು ಪಾಠ ಓದಲು ಕೊಟ್ಟರು. ಆಮೇಲೆ ಕೆಲವರು ಅದನ್ನೇ ಮತ್ತೆ ಓದಿದರು, ಉಳಿದವರು ಹಾಳೆ ಪಕ್ಕಕ್ಕಿಟ್ಟು ನೆನಪಿದ್ದಷ್ಟನ್ನು ಬರೆದರು. 5 ನಿಮಿಷ ಬಿಟ್ಟು ಪರೀಕ್ಷೆ ಇಟ್ಟಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಇಟ್ಟಾಗ ಉಲ್ಟಾ ಆಯಿತು, ನೋಡದೆ ಬರೆದವರು ಮುಂದಿದ್ದರು. ನೋಟ್‌ಬುಕ್ ತಿರುವಿ ಹಾಕುವಾಗ "ಎಲ್ಲ ಗೊತ್ತಿದೆ" ಅನಿಸುತ್ತದಲ್ಲ, ಆ ಅನಿಸಿಕೆಯೇ ಮೋಸ ಮಾಡುವುದು.

ಇನ್ನೊಂದು ಮಾತು ಇಲ್ಲಿ ಯಾರಿಗೂ ಇಷ್ಟವಾಗಲಿಕ್ಕಿಲ್ಲ. 2013ರಲ್ಲಿ ಡನ್ಲೋಸ್ಕಿ ಮತ್ತು ಜೊತೆಗಾರರು ಓದುವ ಹತ್ತು ವಿಧಾನಗಳನ್ನು ತೂಗಿ ನೋಡಿದರು. ತಮಗೆ ತಾವೇ ಪರೀಕ್ಷೆ ಕೊಟ್ಟುಕೊಳ್ಳುವುದು, ದಿನ ಬಿಟ್ಟು ದಿನ ಹರಡಿ ಓದುವುದು ಇವೆರಡೇ ಮೇಲಿನ ಸಾಲಿಗೆ ಬಂದವು. ಗೆರೆ ಎಳೆಯುವುದು, ಮತ್ತೆ ಮತ್ತೆ ಓದುವುದು ಕೆಳಗಿನ ಸಾಲು. ಪದಕ್ಕೆ ಪದ ಜೋಡಿಸುವ ಟ್ರಿಕ್ ಕೂಡ ಕೆಳಗಿನ ಸಾಲೇ.

ಮಲೆನಾಡು_ಮಳೆ:
ನೋಡಿದ್ರಾ, ನಾನು ಹೇಳಿದ್ದು ಅದೇ. ಟ್ರಿಕ್ ವೇಸ್ಟ್.

ಮನಸ್ಸಿನ_ಮಾತು:
ನೀವು ಹೇಳಿದ ಉರು ಹೊಡೆಯುವುದೂ ಅದೇ ಕೆಳಗಿನ ಸಾಲಿನಲ್ಲಿದೆ ಸರ್ 🙂 ಮಗ್ಗಿ ನಿಂತಿದ್ದು ಓದಿದ್ದರಿಂದ ಅಲ್ಲ, ಮೇಷ್ಟ್ರು ಎಬ್ಬಿಸಿ ನಿಲ್ಲಿಸಿ ಕೇಳುತ್ತಿದ್ದರಿಂದ.

ಹಳೇ_ಬೆಂಚು:
ಎಬ್ಬಿಸಿ ನಿಲ್ಲಿಸಿ ಮಾತ್ರವಾ? ಕಿವಿ ಹಿಂಡಿ ಕೇಳುತ್ತಿದ್ದರು.

ನಿವೃತ್ತ_ಕನ್ನಡ_ಮೇಷ್ಟ್ರು:
ಟ್ರಿಕ್ ವೇಸ್ಟ್ ಅನ್ನುವವರಿಗೆ ಒಂದು ಪ್ರಶ್ನೆ. ಎಂಟು ಅಕ್ಷರಗಣಗಳನ್ನು ಹೇಳಿ ನೋಡೋಣ. ಹೇಳುತ್ತೀರಿ. ಯಾಕೆ? 'ಯಮಾತಾರಾಜಭಾನಸಲಗಂ' ಅನ್ನುವ ಒಂದು ಸಾಲು ಹೈಸ್ಕೂಲಿನಲ್ಲಿ ಕೂತುಬಿಟ್ಟಿದೆ. ಅದು ಬರೀ ಮೊದಲಕ್ಷರಗಳ ಪಟ್ಟಿ ಅಲ್ಲ. ಯಗಣ ಬೇಕಾ, 'ಯ'ದಿಂದ ಮೂರು ಅಕ್ಷರ ಹಿಡಿಯಿರಿ: ಯ-ಮಾ-ತಾ. ಲಘು, ಗುರು, ಗುರು. ಅದೇ ಯಗಣ. ಜಗಣ ಬೇಕಾ, ಜ-ಭಾ-ನ. ಲಘು, ಗುರು, ಲಘು. ಹೆಸರೂ ಅದರಲ್ಲೇ, ಉತ್ತರವೂ ಅದರಲ್ಲೇ.

ನಿಮ್ಮ ಕು-ಬೇ-ಕಾ-ಮಾ ಅಂಥದ್ದಲ್ಲ. ಅದರಲ್ಲಿ ಹೆಸರಿನ ತುದಿ ಮಾತ್ರ ಇದೆ. ವರ್ಷ ಇಲ್ಲ, ಕೃತಿ ಇಲ್ಲ. ಇಲ್ಲದ್ದು ಹೇಗೆ ನೆನಪಾಗಬೇಕು ತಮ್ಮಾ?

ಸಪ್ತಾಪುರ_ಓದು:
ಮೇಷ್ಟ್ರೇ, ಇದು ನಿಜ. ಆದರೆ ಎಲ್ಲ ವಿಷಯಕ್ಕೂ ಅಂಥ ಸಾಲು ಕಟ್ಟುವವರು ಯಾರು?

ಬಸ್‌ಪಾಸ್_ಬಸವ:
ಕನ್ನಡ ಮೀಡಿಯಂನವರ ಗೋಳು ಬೇರೆಯೇ ಇದೆ. ಟಿಯರ್ಸ್ ಆಫ್ ಓಲ್ಡ್ ಪಿಎಂ ಅಂತೆ. ಟಿ ಅಂದರೆ ಟೆರಿಟರಿ, ಇ ಅಂದರೆ ಎಮಾಲ್ಯುಮೆಂಟ್ಸ್. ಮೊದಲು ಆ ಇಂಗ್ಲಿಷ್ ಪದ ಬಾಯಿಪಾಠ ಮಾಡಬೇಕು, ಆಮೇಲೆ ಅದರ ಕನ್ನಡ, ಆಮೇಲೆ ವಿಷಯ. ಇದು ಶಾರ್ಟ್‌ಕಟ್ಟಾ, ಸುತ್ತುದಾರಿಯಾ?

ಕಲ್ಬುರ್ಗಿ_ಬಿಸಿಲು:
ಕನ್ನಡದಲ್ಲಿ ಮಾಡಿ ನೋಡಿದೆ ರೀ. ಪ್ರದೇಶ, ವೇತನ, ಪ್ರಮಾಣವಚನ, ರಾಜ್ಯಸಭೆ, ಪರಿಶಿಷ್ಟ ಪ್ರದೇಶ, ಬುಡಕಟ್ಟು ಪ್ರದೇಶ, ಪಟ್ಟಿಗಳು, ಭಾಷೆ, ಭೂಸುಧಾರಣೆ, ಪಕ್ಷಾಂತರ, ಪಂಚಾಯತಿ, ಪುರಸಭೆ. ಕೋಡ್: ಪ್ರ-ವೇ-ಪ್ರ-ರಾ-ಪ-ಬು-ಪ-ಭಾ-ಭೂ-ಪ-ಪಂ-ಪು. ಬರೀ ಪಪಪಪ. ಕೂಸು ಮಾತಾಡಿದಂಗ ಐತಿ.

ಹಳೇ_ಬೆಂಚು:
😂😂 ಇದನ್ನು ಪರೀಕ್ಷಾ ಹಾಲ್‌ನಲ್ಲಿ ಗುನುಗಿದರೆ ಹೊರಗೆ ಹಾಕುತ್ತಾರೆ.

ಬಸ್‌ಪಾಸ್_ಬಸವ:
ಕಾಮನಬಿಲ್ಲಿಗೂ ಇದೇ ಕಥೆ. ನೇ-ಊ-ನೀ-ಹ-ಹ-ಕಿ-ಕೆ. ಎರಡು 'ಹ'ದಲ್ಲಿ ಹಸಿರು ಮೊದಲಾ, ಹಳದಿ ಮೊದಲಾ? ಇವತ್ತಿಗೂ ಡೌಟು.

ಮನಸ್ಸಿನ_ಮಾತು:
ನೀಲಿ ಆದ ಮೇಲೆ ಹಸಿರು, ಆಮೇಲೆ ಹಳದಿ. ನೀಲಿಗೂ ಹಳದಿಗೂ ನಡುವೆ ಹಸಿರು. ಚಿತ್ರ ಬರೆಯುವಾಗ ಆ ಎರಡು ಬಣ್ಣ ಕಲಸಿದರೆ ಬರುವುದೂ ಹಸಿರೇ ಅಲ್ವಾ? ಹಾಗೆ ನೆನಪಿಡಿ.

ತೀರ್ಥಹಳ್ಳಿ_ತೋಟ:
ಅನುಸೂಚಿಗೆ ನಾನು ಕೋಡ್ ಬಿಟ್ಟು ಅಜ್ಜಿಮನೆ ಹಿಡಿದೆ. ಗೇಟಿನಿಂದ ಹಿತ್ತಿಲವರೆಗೆ ನಡೆಯುವ ದಾರಿಯಲ್ಲಿ ಹನ್ನೆರಡು ಜಾಗ ಗುರುತು ಮಾಡಿಕೊಂಡೆ. ಒಂದೊಂದರಲ್ಲಿ ಒಂದೊಂದು ಅನುಸೂಚಿ. ಗೇಟಿಗೆ ಭಾರತದ ನಕ್ಷೆ ಬಳಿದಿದ್ದಾರೆ, ಅದು ಒಂದನೆಯದು, ರಾಜ್ಯಗಳ ಪ್ರದೇಶ. ತುಳಸಿಕಟ್ಟೆ ಮೇಲೆ ಸಂಬಳದ ಕವರ್, ಎರಡು. ಜಗಲಿಯಲ್ಲಿ ಒಬ್ಬರು ಕೈ ಮುಂದೆ ಚಾಚಿ ಪ್ರಮಾಣವಚನ ತೆಗೆದುಕೊಳ್ಳುತ್ತಿದ್ದಾರೆ, ಮೂರು.

ಮಜಾ ಇರುವುದು ಹಿಂದಿನ ಭಾಗದಲ್ಲಿ. ಒಂಬತ್ತು ಬಚ್ಚಲುಮನೆ. ಬಾಗಿಲು ತೆಗೆದರೆ ಮೊಣಕಾಲುದ್ದ ಕೆಸರು, ಒಬ್ಬ ಗೇಣಿದಾರ ಅಲ್ಲೇ ಸಸಿ ನೆಡುತ್ತಿದ್ದಾನೆ. ಭೂಸುಧಾರಣೆ. ಹತ್ತು ಹಿತ್ತಿಲ ಗೋಡೆ. ಬಿಳಿ ಪಂಚೆ ಉಟ್ಟ ಶಾಸಕರು ಸೂಟ್‌ಕೇಸ್ ಸಮೇತ ಗೋಡೆ ಹಾರಿ ಪಕ್ಕದ ತೋಟಕ್ಕೆ ಇಳಿಯುತ್ತಿದ್ದಾರೆ. ಪಕ್ಷಾಂತರ. ಹನ್ನೊಂದು ಬಾವಿಕಟ್ಟೆ, ಸುತ್ತ ಕೂತು ಪಂಚಾಯ್ತಿ ಮಾಡುತ್ತಿದ್ದಾರೆ. ಹನ್ನೆರಡು ಗೊಬ್ಬರಗುಂಡಿ, ಅದರಲ್ಲಿ ಮುನಿಸಿಪಾಲಿಟಿ ಕಸದ ಲಾರಿ ಸಿಕ್ಕಿಹಾಕಿಕೊಂಡಿದೆ.

ಎಂಟನೆಯದು ಯಾವುದು ಅಂತ ಕೇಳಿದರೆ ಒಂದರಿಂದ ಎಣಿಸಬೇಕಾಗಿಲ್ಲ. ಎಂಟು ನಮ್ಮ ಅಡುಗೆಮನೆ. ಅಲ್ಲಿ ಒಲೆ ಮುಂದೆ ಕೂತವರೆಲ್ಲ ಬೇರೆ ಬೇರೆ ಭಾಷೆಯಲ್ಲಿ ಜಗಳ ಆಡುತ್ತಿದ್ದಾರೆ.

ಕಲ್ಬುರ್ಗಿ_ಬಿಸಿಲು:
ಶಾಸಕರು ಗೋಡೆ ಹಾರೋದು 😂 ಇದನ್ನ ಇನ್ನು ಸತ್ತರೂ ಮರೆಯಲ್ಲ.

ಮನಸ್ಸಿನ_ಮಾತು:
ಇದು ಬಹಳ ಹಳೆಯ ವಿಧಾನ. ಗ್ರೀಕ್ ಕವಿ ಸಿಮೊನಿಡಿಸ್ ಹೆಸರಿನಲ್ಲಿ ಇದರ ಕಥೆ ಇದೆ, ರೋಮಿನ ಸಿಸೆರೊ ಬರೆದಿಟ್ಟಿದ್ದಾನೆ. ಔತಣದ ಮನೆಯ ಚಾವಣಿ ಕುಸಿದು ಒಳಗಿದ್ದವರೆಲ್ಲ ಗುರುತು ಸಿಗದ ಹಾಗೆ ಸತ್ತರು. ಯಾರು ಎಲ್ಲಿ ಕೂತಿದ್ದರು ಅನ್ನುವುದರ ನೆನಪಿನಿಂದ ಸಿಮೊನಿಡಿಸ್ ಒಬ್ಬೊಬ್ಬರನ್ನೇ ಗುರುತಿಸಿದನಂತೆ. ಇವತ್ತಿನ ನೆನಪಿನ ಸ್ಪರ್ಧೆಗಳಲ್ಲಿ ಗೆಲ್ಲುವವರೂ ಹೆಚ್ಚಾಗಿ ಇದನ್ನೇ ಬಳಸುತ್ತಾರೆ. ಅವರ ಮೆದುಳೇನೂ ಬೇರೆ ಥರ ಇರುವುದಿಲ್ಲ.

ಪ್ರಶ್ನೆಪತ್ರಿಕೆ_ಪ್ರಿಯ:
ಎಲ್ಲ ಚೆನ್ನಾಗಿದೆ. ಆದರೆ ಈಗಿನ ಪ್ರಶ್ನೆ ನೋಡಿದ್ದೀರಾ? "ಒಂಬತ್ತನೇ ಅನುಸೂಚಿ ಯಾವುದಕ್ಕೆ ಸಂಬಂಧಿಸಿದೆ" ಅಂತ ನೇರವಾಗಿ ಕೇಳುವುದು ಕಡಿಮೆಯಾಗಿದೆ. "ಕೆಳಗಿನ ಹೇಳಿಕೆಗಳಲ್ಲಿ ಯಾವುವು ಸರಿ" ಅಂತ ಕೊಡುತ್ತಾರೆ. ಒಂಬತ್ತನೇ ಅನುಸೂಚಿ ಸೇರಿದ್ದು 1951ರ ಮೊದಲನೇ ತಿದ್ದುಪಡಿಯಿಂದ, ಹತ್ತನೆಯದು 1985ರ 52ನೇ ತಿದ್ದುಪಡಿಯಿಂದ. ಹನ್ನೊಂದರಲ್ಲಿ 29 ವಿಷಯ, ಹನ್ನೆರಡರಲ್ಲಿ 18. ಇವನ್ನು ಅದಲುಬದಲು ಮಾಡಿ ಹೇಳಿಕೆ ಕೊಡುತ್ತಾರೆ. ನಿಮ್ಮ ಬಚ್ಚಲುಮನೆ ಕೆಸರಿನಲ್ಲಿ 1951 ಎಲ್ಲಿದೆ?

ತೀರ್ಥಹಳ್ಳಿ_ತೋಟ:
ಬಚ್ಚಲಿನ ಬಾಗಿಲ ಮೇಲೆ ಬರೆಯುತ್ತೇನೆ ಬಿಡಿ. ಜಾಗ ಇದ್ದರೆ ಅಲ್ಲಿ ಏನು ಬೇಕಾದರೂ ತಂದಿಡಬಹುದು. ಜಾಗವೇ ಇಲ್ಲದಿದ್ದರೆ ಎಲ್ಲಿಡುತ್ತೀರಿ?

ಪ್ರಶ್ನೆಪತ್ರಿಕೆ_ಪ್ರಿಯ:
ಇದು ವಾದಕ್ಕೆ ಸರಿ. ಆದರೆ ಪಿಡಿಒಗೆ ಓದುವವರಿಗೆ 73ನೇ ತಿದ್ದುಪಡಿ ಅರ್ಥವಾಗಿರಬೇಕು. ಗ್ರಾಮಸಭೆ ಯಾರದ್ದು, ಅವಧಿ ಎಷ್ಟು, ಮೀಸಲಾತಿ ಹೇಗೆ, ಚುನಾವಣೆ ಯಾರು ನಡೆಸುತ್ತಾರೆ. ಸಂವಿಧಾನದ 243ನೇ ವಿಧಿಯಿಂದ 243-ಒ ವರೆಗೆ ಒಂದು ಸಲ ಕೂತು ಓದಿದರೆ ಅದೇ ಕಥೆಯ ಹಾಗೆ ಸಾಗುತ್ತದೆ. ನಿಮ್ಮೂರಿನ ಪಂಚಾಯ್ತಿ ಕಣ್ಮುಂದೆ ಇದೆಯಲ್ಲ, ಅದಕ್ಕೆ ಯಾವ ಕೋಡ್?

ಸಪ್ತಾಪುರ_ಓದು:
ಇದು ಒಪ್ಪುತ್ತೇನೆ. ಪಂಚಾಯತ್ ರಾಜ್ ನನಗೆ ಅಷ್ಟು ತಲೆನೋವಿಲ್ಲ. ಕಾಡುವುದು ಬರೀ ಇಸವಿ ಮತ್ತು ಪಟ್ಟಿ. ಪಶ್ಚಿಮಕ್ಕೆ ಹರಿಯುವ ನದಿಗಳನ್ನು ಉತ್ತರದಿಂದ ದಕ್ಷಿಣಕ್ಕೆ ಜೋಡಿಸಿ ಅಂದರೆ ಸೋಲುತ್ತೇನೆ. 'ಕಾ-ಗಂ-ಅ-ಶ' ಕೋಡ್ ಇದೆ, ಅದೇ ಉಲ್ಟಾ ಆಗುತ್ತದೆ.

ಕಡಲತೀರ_66:
ಅದಕ್ಕೆ ಕೋಡ್ ಯಾಕೆ ಮಾರಾಯ್ರೆ? ಹೆದ್ದಾರಿ 66ರಲ್ಲಿ ಬಸ್ ಹತ್ತಿ. ಗೋವಾ ಕಡೆಯಿಂದ ಬರುವಾಗ ಸದಾಶಿವಗಡ, ಅಲ್ಲಿ ಕಾಳಿ ಸೇತುವೆ. ಹಳೆಯ ಸೇತುವೆ 2024ರಲ್ಲಿ ಕುಸಿಯಿತಲ್ಲ, ಅದೇ ಜಾಗ. ದಾಟಿದರೆ ಕಾರವಾರ. ಅಂಕೋಲಾ ಕಳೆದ ಮೇಲೆ ಗಂಗಾವಳಿ. ಅದೇ ವರ್ಷ ಶಿರೂರಿನಲ್ಲಿ ಗುಡ್ಡ ಜರಿದು ಬಿದ್ದಿದ್ದು ಅದರ ದಡದಲ್ಲೇ. ಕುಮಟಾ ಸೇರುವ ಮೊದಲು ಅಘನಾಶಿನಿ, ದೊಡ್ಡ ಅಣೆಕಟ್ಟು ಇಲ್ಲದ ನದಿ. ಹೊನ್ನಾವರ ದಾಟುತ್ತಿದ್ದ ಹಾಗೆ ಶರಾವತಿ, ಅಗಲ ನೋಡಿಯೇ ಗೊತ್ತಾಗುತ್ತದೆ. ಆಮೇಲೆ ಕುಂದಾಪುರ, ಉಡುಪಿ ಕಡೆಯ ನದಿಗಳು ಸಾಲಾಗಿ. ಮಂಗಳೂರು ಬಿಟ್ಟು ಉಳ್ಳಾಲದ ಕಡೆ ಹೊರಟರೆ ನೇತ್ರಾವತಿ.

ಒಂದು ಎಚ್ಚರಿಕೆ. ಅಂಕೋಲಾ ಹತ್ತಿರದ ಗಂಗಾವಳಿ ಬೇರೆ, ಕುಂದಾಪುರದ ಹತ್ತಿರದ ಗಂಗೊಳ್ಳಿ ಬೇರೆ. ಗಂಗಾವಳಿಗೆ ಮೇಲ್ಭಾಗದಲ್ಲಿ ಬೇಡ್ತಿ ಅನ್ನುವ ಹೆಸರೂ ಇದೆ. ಧಾರವಾಡದ ಕಡೆಯಿಂದಲೇ ಬರುವುದು ಅದು, ನಿಮಗೆ ಮರೆಯಬಾರದು ನೋಡಿ.

ಬಸ್‌ಪಾಸ್_ಬಸವ:
ಇದು ಸೂಪರ್. ಹೆದ್ದಾರಿಯೇ ಅಜ್ಜಿಮನೆ ಆಯ್ತಲ್ಲ.

ಚಿಕ್ಕಮ್ಮನ_ಮಗಳು:
ನಮ್ಮ ಚಿಕ್ಕಮ್ಮ ಪರೀಕ್ಷೆ ಬಂದರೆ ಸಾಕು, ದಿನಾ ಒಂದೆಲಗದ ತಂಬುಳಿ ಮಾಡುತ್ತಾರೆ. ಜ್ಞಾಪಕಶಕ್ತಿಗೆ ಅದೇ ಸಾಕಂತೆ, ಓದುವುದೂ ಬೇಡವೇನೋ ಅನ್ನುವ ಹಾಗೆ ಬಡಿಸುತ್ತಾರೆ.

ಕಡಲತೀರ_66:
ನಮ್ಮಲ್ಲಿ ತಿಮರೆ ಅನ್ನುತ್ತೇವೆ. ಚಟ್ನಿ ಇನ್ನೂ ಚೆಂದ. ಕಾಯಿತುರಿ, ಹಸಿಮೆಣಸು, ಸ್ವಲ್ಪ ಹುಣಸೆಹುಳಿ.

ಹಳೇ_ಬೆಂಚು:
ಅದು ಬ್ರಾಹ್ಮಿ ಅಲ್ವಾ?

ತೀರ್ಥಹಳ್ಳಿ_ತೋಟ:
ಎರಡನ್ನೂ ಜನ ಬ್ರಾಹ್ಮಿ ಅಂತಲೇ ಕರೆಯುತ್ತಾರೆ, ಆದರೆ ಗಿಡ ಬೇರೆ ಬೇರೆ. ಒಂದೆಲಗದ ಎಲೆ ಅಗಲ, ಒಂದೊಂದು ತೊಟ್ಟಿಗೆ ಒಂದೊಂದೇ ಎಲೆ. ನೀರುಬ್ರಾಹ್ಮಿಯ ಎಲೆ ಸಣ್ಣದು, ದಪ್ಪ. ತಂಬುಳಿಗೆ ಒಂದೆಲಗ. ರುಚಿಗೆ ತಿನ್ನಿ. ರ‍್ಯಾಂಕ್ ಬರುತ್ತದೆ ಅಂತ ತಿನ್ನಬೇಡಿ.

ವೀಣೆ_ತಂತಿ:
ಇಸವಿಗೆ ಕಟಪಯಾದಿ ಇದೆಯಲ್ಲ, ಒಂದೊಂದು ಅಕ್ಷರಕ್ಕೆ ಒಂದೊಂದು ಅಂಕಿ ಕೊಡುವ ಪದ್ಧತಿ, ಯಾರೂ ಹೇಳಲಿಲ್ಲ? ಸಂಗೀತ ಕಲಿತವರಿಗೆ ಗೊತ್ತಿರುತ್ತದೆ. ಕ-ಖ-ಗ-ಘ ಹೀಗೆ ಝ ವರೆಗೆ 1ರಿಂದ 9, ಞ ಸೊನ್ನೆ. ಟ ದಿಂದ ಧ ವರೆಗೆ ಮತ್ತೆ 1ರಿಂದ 9, ನ ಸೊನ್ನೆ. ಪ-ಫ-ಬ-ಭ-ಮ 1ರಿಂದ 5. ಯ-ರ-ಲ-ವ-ಶ-ಷ-ಸ-ಹ 1ರಿಂದ 8. ಕಾಗುಣಿತಕ್ಕೆ ಲೆಕ್ಕ ಇಲ್ಲ. ಮಾಯಾಮಾಳವಗೌಳ: ಮಾ 5, ಯಾ 1, ತಿರುಗಿಸಿದರೆ 15. ಅದು 15ನೇ ಮೇಳ. ಎಪ್ಪತ್ತೆರಡು ಮೇಳಕರ್ತ ರಾಗಗಳ ಹೆಸರನ್ನೂ ಹೀಗೆಯೇ ಹೊಂದಿಸಿದ್ದಾರೆ. ಹೆಸರು ಗೊತ್ತಿದ್ದರೆ ಸಂಖ್ಯೆ ಕೈಯಲ್ಲೇ ಇರುತ್ತದೆ.

ನಿವೃತ್ತ_ಕನ್ನಡ_ಮೇಷ್ಟ್ರು:
ಭಲೇ! ನಾನು ಹೇಳಿದ್ದು ಇಂಥದ್ದನ್ನೇ. ಹೆಸರಿನೊಳಗೇ ಉತ್ತರ.

ಬಸ್‌ಪಾಸ್_ಬಸವ:
ಹಾಗಾದರೆ ರಾಜ್ಯ ಒಂದಾದ 1956ಕ್ಕೆ 'ಮಾತು'. ಮಾ 5, ತು 6. ಭಾಷೆಯ ಮೇಲೆ ರಾಜ್ಯ ಕಟ್ಟಿದ್ದಕ್ಕೆ ಸರಿಯಾಗಿ ಹೊಂದುತ್ತದೆ!

ವೀಣೆ_ತಂತಿ:
ತಿರುಗಿಸಬೇಕು. ಮೊದಲ ಅಕ್ಷರ ಬಿಡಿಸ್ಥಾನ. 'ಮಾತು' 65 ಆಗುತ್ತದೆ. ಮೇಚಕಲ್ಯಾಣಿಯೂ ಅದೇ ಲೆಕ್ಕದಲ್ಲಿ 65ನೇ ಮೇಳ.

ಬಸ್‌ಪಾಸ್_ಬಸವ:
ಇಷ್ಟು ಚೆಂದದ ಪದ ಹಾಳು ಮಾಡಿದಿರಿ. 56ಕ್ಕೆ ನೀವೇ ಒಂದು ಕೊಡಿ.

ವೀಣೆ_ತಂತಿ:
'ತಮ್ಮ'. ತ 6, ಮ್ಮ 5. ಒತ್ತಕ್ಷರದಲ್ಲಿ ಕೊನೆಯ ವ್ಯಂಜನವನ್ನು ಮಾತ್ರ ಎಣಿಸುವುದು. ಬೇರೆಯಾಗಿದ್ದ ತಮ್ಮಂದಿರು ಮನೆಗೆ ಬಂದರು ಅಂದುಕೊಳ್ಳಿ. ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದ 1973ಕ್ಕೆ 'ಬಸ್ಸು'. ಬ 3, ಸ್ಸು 7. ಬಸ್ಸಿನ ಬೋರ್ಡ್ ಬದಲಾಯಿಸಿ 'ಕರ್ನಾಟಕ' ಅಂತ ಬರೆಯುತ್ತಿರುವ ಚಿತ್ರ ಹಾಕಿಕೊಳ್ಳಿ.

ಸಪ್ತಾಪುರ_ಓದು:
ಅಕ್ಕಾ, ಜ್ಞಾನಪೀಠಕ್ಕೆ ಮಾಡಿಕೊಡಿ ಪ್ಲೀಸ್.

ವೀಣೆ_ತಂತಿ:
ಪೂರ್ತಿ ಮಾಡಿಕೊಟ್ಟರೆ ನಿಮಗೆ ನಿಲ್ಲುವುದಿಲ್ಲ. ನಾಲ್ಕು ಕೊಡುತ್ತೇನೆ, ಉಳಿದದ್ದು ನೀವೇ ಕಟ್ಟಿ. ಮೊದಲ ಎರಡು ಅಕ್ಷರ ಮಾತ್ರ ಲೆಕ್ಕ.

ಕುವೆಂಪು 1967: ಸೀತೆ. ಸೀ 7, ತೆ 6. ಪ್ರಶಸ್ತಿ ಬಂದದ್ದು 'ಶ್ರೀ ರಾಮಾಯಣ ದರ್ಶನಂ'ಗೆ, ಇದಕ್ಕಿಂತ ಚೆನ್ನಾಗಿ ಕೂರುವ ಪದ ಸಿಗಲಿಕ್ಕಿಲ್ಲ. ಮಾಸ್ತಿ 1983: ಗಜ. 'ಚಿಕವೀರ ರಾಜೇಂದ್ರ' ಆನೆ ಮೇಲೆ ಕೂತಿದ್ದಾನೆ. ಗೋಕಾಕ್ 1990: ನಿಧಿ. ಕಂಬಾರ 2010: ನಟ. ನಾಟಕಕಾರರು, ಸರಿಯಾಯಿತು.

ಪ್ರಶ್ನೆಪತ್ರಿಕೆ_ಪ್ರಿಯ:
ಕಂಬಾರರದ್ದು ಘೋಷಣೆಯಾದದ್ದು 2011ರಲ್ಲಿ, ಪ್ರಶಸ್ತಿ 2010ನೇ ಸಾಲಿನದ್ದು. ಆಯ್ಕೆಗಳಲ್ಲಿ ಎರಡೂ ವರ್ಷ ಇಟ್ಟರೆ ಜನ ಬೀಳುತ್ತಾರೆ. 'ನಟ' ಇದ್ದರೆ ಬೀಳುವುದಿಲ್ಲ, ಅದನ್ನು ಒಪ್ಪುತ್ತೇನೆ.

ಮಲೆನಾಡು_ಮಳೆ:
ಪರೀಕ್ಷೆಯಲ್ಲಿ ಕ-ಖ-ಗ-ಘ ಎಣಿಸುತ್ತಾ ಕೂತರೆ ಟೈಮ್ ಯಾರು ಕೊಡುತ್ತಾರೆ? 67 ಅಂತ ನೇರ ನೆನಪಿಡುವುದೇ ಸುಲಭ.

ವೀಣೆ_ತಂತಿ:
ಸ್ವಲ್ಪ ದಿನ ಬಳಸಿದರೆ ಎಣಿಸಬೇಕಾಗುವುದಿಲ್ಲ. ಸಂಗೀತದ ಕ್ಲಾಸಿನಲ್ಲಿ ಹತ್ತು ವರ್ಷದ ಮಕ್ಕಳು ಥಟ್ ಅಂತ ಹೇಳುತ್ತಾರೆ.

ಪದ್ಯ_ಪ್ರೇಮಿ:
ಮೇಷ್ಟ್ರು ಛಂದಸ್ಸು ಎತ್ತಿದ್ದಕ್ಕೆ ಒಂದು ಮಾತು. ಶತಾವಧಾನಿ ಗಣೇಶ್ ಅವರ ಅವಧಾನ, ಅಂದರೆ ಕೇಳಿದ್ದಕ್ಕೆಲ್ಲ ಅಲ್ಲೇ ಪದ್ಯ ಕಟ್ಟುವ ಕಲೆ, ನೋಡಿದ್ದೀರಾ? ಸುತ್ತ ಕೂತ ಪೃಚ್ಛಕರು (ಪ್ರಶ್ನೆ ಕೇಳುವವರು) ಒಬ್ಬರಾದ ಮೇಲೆ ಒಬ್ಬರು ಸಮಸ್ಯೆ (ಕೊಟ್ಟ ಸಾಲಿಗೆ ಪದ್ಯ ಪೂರ್ತಿ ಮಾಡುವುದು), ದತ್ತಪದಿ (ಕೊಟ್ಟ ಪದಗಳನ್ನು ಸೇರಿಸಿ ಪದ್ಯ ಕಟ್ಟುವುದು) ಅಂತ ಕೊಡುತ್ತಾರೆ. ಒಂದು ಸುತ್ತಿಗೆ ಒಬ್ಬೊಬ್ಬರಿಗೆ ಪದ್ಯದ ಒಂದೊಂದೇ ಸಾಲು. ನಡುವೆ ಅಪ್ರಸ್ತುತ ಪ್ರಸಂಗಿ ತಲೆಹರಟೆ ಮಾಡುತ್ತಿರುತ್ತಾರೆ. ಕೊನೆಗೆ ಎಲ್ಲ ಪದ್ಯಗಳನ್ನೂ ಪೂರ್ತಿಯಾಗಿ ಹೇಳಬೇಕು. ಕಾಗದ ಇಲ್ಲ, ಪೆನ್ನು ಇಲ್ಲ. ಆ ಪದ್ಯ ಅವರೇ ಕಟ್ಟಿದ್ದು, ಅದಕ್ಕೇ ಕೈಬಿಟ್ಟು ಹೋಗುವುದಿಲ್ಲ ಅಂತ ನನ್ನ ಅಂದಾಜು. ಬೇರೆಯವರ ಕೋಡ್ ನೋಟ್‌ಬುಕ್‌ಗೆ ಆ ಹಿಡಿತ ಎಲ್ಲಿಂದ ಬರಬೇಕು?

ಹಳೇ_ಬೆಂಚು:
ನಮ್ಮ ರೀಡಿಂಗ್ ರೂಮಿನಲ್ಲಿ ಅಪ್ರಸ್ತುತ ಪ್ರಸಂಗಿಗಳಿಗೇನೂ ಕೊರತೆ ಇಲ್ಲ. ಅವಧಾನಿಗಳು ಮಾತ್ರ ಇಲ್ಲ.

ಮನಸ್ಸಿನ_ಮಾತು:
@ಸಪ್ತಾಪುರ_ಓದು, ಕೋಡ್ ಯಾವುದೇ ಇರಲಿ, ಹೀಗೆ ಮಾಡಿ ನೋಡಿ. ಚೀಟಿ ಕತ್ತರಿಸಿ. ಒಂದು ಕಡೆ ಪ್ರಶ್ನೆ, ಹಿಂದೆ ಉತ್ತರ. ಮೂರು ಖಾಲಿ ಡಬ್ಬಿ ಸಾಕು. ಮೊದಲ ಡಬ್ಬಿ ದಿನಾ ನೋಡುವುದು, ಎರಡನೆಯದು ಎರಡು ಮೂರು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೊಮ್ಮೆ. ಉತ್ತರ ಬಂದರೆ ಚೀಟಿ ಮುಂದಿನ ಡಬ್ಬಿಗೆ. ಬರದಿದ್ದರೆ ಎಲ್ಲಿದ್ದರೂ ಸರಿ, ಮೊದಲ ಡಬ್ಬಿಗೆ ವಾಪಸ್. ಜರ್ಮನಿಯ ಲೈಟ್ನರ್ 1972ರಲ್ಲಿ ಪ್ರಚಾರಕ್ಕೆ ತಂದ ಪದ್ಧತಿ ಇದು. ಮೊಬೈಲಿನಲ್ಲಿ ಬೇಕಿದ್ದರೆ ಆಂಕಿ ಆ್ಯಪ್ ಇದೆ, ಆಂಡ್ರಾಯ್ಡ್‌ಗೆ ದುಡ್ಡು ಕೊಡಬೇಕಾಗಿಲ್ಲ.

ಚೀಟಿ ತಿರುಗಿಸುವ ಮೊದಲು ಉತ್ತರವನ್ನು ಬಾಯಿಬಿಟ್ಟು ಹೇಳಿ. "ಗೊತ್ತಿತ್ತು ಗೊತ್ತಿತ್ತು" ಅಂತ ತಿರುಗಿಸಿದರೆ ಲೆಕ್ಕಕ್ಕಿಲ್ಲ. ರಾತ್ರಿ ನಿದ್ದೆ ಬಿಟ್ಟು ಓದಬೇಡಿ, ಓದಿದ್ದು ಗಟ್ಟಿಯಾಗುವುದಕ್ಕೆ ನಿದ್ದೆಯೂ ಬೇಕು.

ಕಲ್ಬುರ್ಗಿ_ಬಿಸಿಲು:
ಮೊಬೈಲ್ ಬ್ಯಾಡ್ರಿ. ಆಂಕಿ ಅಂತ ತೆಗೆದರೆ ರೀಲ್ಸ್‌ನಾಗ ಹೊರಗ ಬರ್ತೀರಿ. ಚೀಟಿನೇ ಛಲೋ.

ಸಪ್ತಾಪುರ_ಓದು:
ಚೀಟಿ ಇವತ್ತೇ ಶುರು ಮಾಡುತ್ತೇನೆ. ಪಟ್ಟಿಗೆ ಜಾಗ, ಇಸವಿಗೆ ಕಟಪಯಾದಿ, ಪಂಚಾಯತ್ ರಾಜ್‌ಗೆ ಸೀದಾ ಓದು. ಉಳಿದ ಜ್ಞಾನಪೀಠ ಕಟ್ಟಿದ್ದೇನೆ, ನೋಡಿ ಅಕ್ಕಾ: ಬೇಂದ್ರೆ 73 ಬಸ್ಸು (ಕರ್ನಾಟಕ ಹೆಸರು ಬಂದ ವರ್ಷವೇ, ಅದೇ ಬಸ್ಸಿನಲ್ಲಿ ಕೂರಿಸಿದೆ). ಕಾರಂತ 77 ಸಾಸಿವೆ. ಅನಂತಮೂರ್ತಿ 94 ವಧು. ಕಾರ್ನಾಡ್ 98 ದಧಿ.

ವೀಣೆ_ತಂತಿ:
ಎಲ್ಲ ಸರಿ ಇದೆ. ಸಾಸಿವೆಯಲ್ಲಿ 'ವೆ' ಬಿಡಬೇಕು ಅನ್ನುವುದು ನೆನಪಿರಲಿ.

ಬಸ್‌ಪಾಸ್_ಬಸವ:
ದಧಿ ಅಂತ ಯಾರಪ್ಪ ಮಾತಾಡುತ್ತಾರೆ? ಕಾರ್ನಾಡರಿಗೆ ಮೊಸರು ಅಂತಲೇ ಇಡಿ.

ವೀಣೆ_ತಂತಿ:
ಮೊಸರು ಇಟ್ಟರೆ 75 ಆಗುತ್ತದೆ. ಅದನ್ನು ತುರ್ತು ಪರಿಸ್ಥಿತಿಗೆ ಇಟ್ಟುಕೊಳ್ಳಿ.

ಹಳೇ_ಬೆಂಚು:
ನಮ್ಮ ಮೆಸ್‌ನಲ್ಲಿ ಮೊಸರಿಗೆ ಯಾವಾಗಲೂ ತುರ್ತು ಪರಿಸ್ಥಿತಿಯೇ.